ಟಿವಿ ಕೆಳಗಿದ್ದ ಡಿವಿಆರ್ ಸಜ್ಜಾ ಹತ್ತಿತು

ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮ ಮನೆ. ಎರಡು ವರ್ಷದ ಹಿಂದೆ ನಮ್ಮ ಸಾಲಿನ ಒಂದು ಮನೆಗೆ ಕಳ್ಳರು ನುಗ್ಗಿದರು. ಮನೆಯವರು ಮದುವೆಗೆ ಅಂತ ಊರಿಗೆ ಹೋಗಿದ್ದರು. ಕ್ಯಾಮೆರಾ ಇದೆಯಲ್ಲ, ಸಿಕ್ಕಿಬೀಳ್ತಾರೆ ಬಿಡಿ ಅಂದುಕೊಂಡೆವು. ಹೋಗಿ ನೋಡಿದರೆ ಗೋಡೆ ಮೇಲೆ ನಾಲ್ಕೂ ಕ್ಯಾಮೆರಾ ಹಾಗೇ ಇವೆ, ಟಿವಿ ಕೆಳಗಿದ್ದ ಡಿವಿಆರ್, ಅಂದರೆ ಕ್ಯಾಮೆರಾ ಕಂಡದ್ದನ್ನು ರೆಕಾರ್ಡ್ ಮಾಡುವ ಡಬ್ಬಿ, ಮಾತ್ರ ಇಲ್ಲ. ಬಂಗಾರದ ಜೊತೆ ಅದನ್ನೂ ಹೊತ್ತೊಯ್ದಿದ್ದರು. ರೆಕಾರ್ಡ್ ಆಗೋದು ಅದರೊಳಗಿನ ಹಾರ್ಡ್ ಡಿಸ್ಕ್‌ನಲ್ಲೇ ಅಲ್ವಾ?

ಮನೆಗೆ ಬಂದೆ. ನಮ್ಮದೂ ಅಲ್ಲೇ, ಟಿವಿ ಕೆಳಗೆ, ನೀಲಿ ಲೈಟ್ ಮಿನುಗಿಸ್ತಾ ಕೂತಿತ್ತು.

ಮರುದಿನವೇ ಕಬ್ಬಿಣದ ಬೀರುವಿನ ಹಿಂಬದಿಗೆ ತೂತು ಕೊರೆದು ವೈರ್ ತಂದೆ, ಡಿವಿಆರ್ ಒಳಗಿಟ್ಟು ಬೀಗ ಜಡಿದೆ. ಭಾರಿ ಬುದ್ಧಿವಂತಿಕೆ ಮಾಡಿದೆ ಅಂತ ಖುಷಿ. ಏಪ್ರಿಲ್ ಬಂತು. ನಮ್ಮೂರ ಬಿಸಿಲು ಗೊತ್ತಲ್ಲ. ಒಂದು ರಾತ್ರಿ ಬೀರುವಿನಿಂದ ಬೀಪ್ ಬೀಪ್ ಅಂತ ಸದ್ದು. ಬಾಗಿಲು ತೆಗೆದರೆ ಮುಖಕ್ಕೆ ಬಿಸಿಗಾಳಿ. ಡಿವಿಆರ್ ಮೇಲೆ ಕೈಯಿಟ್ಟರೆ ರೊಟ್ಟಿ ಹೆಂಚು. ಪಕ್ಕದಲ್ಲಿದ್ದ ಅವ್ವನ ರೇಷ್ಮೆ ಸೀರೆ ಈಗಷ್ಟೇ ಇಸ್ತ್ರಿ ಮಾಡಿದ ಹಾಗೆ ಬೆಚ್ಚಗಿತ್ತು. ಡಿಸ್ಕ್ ಸುಟ್ಟುಹೋಗಿತ್ತು.

ಬಚ್ಚಿಡೋದು ಕಷ್ಟವಲ್ಲ, ಬಚ್ಚಿಟ್ಟಲ್ಲಿ ಅದು ಉಸಿರಾಡಬೇಕು. ಈ ಸಲ ಹಿಂದಿನ ರೂಮಿನ ಸಜ್ಜಾ ಆರಿಸಿಕೊಂಡೆ. (ರೂಮು ಬೇರೆ ಇದೆ ಅನ್ನಿ, ಇಲ್ಲೇ ಬರೆದುಬಿಟ್ಟರೆ ಬಚ್ಚಿಟ್ಟು ಏನು ಬಂತು!) ಬಡಗಿಯಿಂದ ಪ್ಲೈವುಡ್ ಪೆಟ್ಟಿಗೆ ಮಾಡಿಸಿ ಗೋಡೆಗೆ ಬೋಲ್ಟ್ ಹಾಕಿಸಿದೆ. ಬಿಸಿಗಾಳಿ ಮೇಲಕ್ಕೆ ಹೋಗುತ್ತೆ, ಹಾಗಾಗಿ ಕೆಳಗೊಂದು ಕಿಂಡಿ, ಮೇಲೊಂದು ಕಿಂಡಿ. ಮೇಲಿನದಕ್ಕೆ ಹಳೇ ಕಂಪ್ಯೂಟರ್‌ನ 12 ವೋಲ್ಟ್ ಫ್ಯಾನ್. ಎರಡಕ್ಕೂ ಸೊಳ್ಳೆ ಜಾಲರಿ ಬಡಿದೆ, ಇಲ್ಲದಿದ್ದರೆ ಬೆಚ್ಚಗಿನ ಜಾಗ ಅಂತ ಜಿರಳೆ ಸಂಸಾರ ಹೂಡುತ್ತವೆ. ಮುಂದೆ ಮಂಡಕ್ಕಿ ಡಬ್ಬಿ, ಹಳೇ ಹಂಡೆ. ನಡುವೆ ನಾಲ್ಕು ಬೆರಳು ಸಂದು ಬಿಟ್ಟಿದ್ದೇನೆ. ಡಿವಿಆರ್ ಮೆನುವಿನಲ್ಲೇ ಡಿಸ್ಕ್‌ನ ಬಿಸಿ ಎಷ್ಟು ಅಂತ ತೋರಿಸುತ್ತೆ. ಮೇ ತಿಂಗಳ ಮಧ್ಯಾಹ್ನವೂ 45 ಡಿಗ್ರಿ ದಾಟಲಿಲ್ಲ.

ವೈರಿಂಗ್ ಹುಡುಗ ಒಂದು ಮಾತು ಹೇಳಿದ. "ಅಣ್ಣಾ, ಕಳ್ಳ ಡಬ್ಬಿ ಹುಡುಕಲ್ಲ, ವೈರ್ ಹಿಡ್ಕಂಡು ಹೋಗ್ತಾನೆ." ನಿಜ. ಬಿಳಿ ಕೇಬಲ್ ನಾಲ್ಕೂ ಸಾಲಾಗಿ ಗೋಡೆ ಮೇಲೆ ಹೋದರೆ ದಾರಿ ತೋರಿಸಿದಂತೆಯೇ. ಎಲ್ಲವನ್ನೂ ಗೋಡೆಯೊಳಗಿನ ಪೈಪ್‌ನಲ್ಲಿ ಎಳೆಸಿದೆ. ಟಿವಿಗೆ ಹೋಗುತ್ತಿದ್ದ ಎಚ್‌ಡಿಎಂಐ ವೈರ್ ಕಿತ್ತುಹಾಕಿದೆ, ಈಗ ಮೊಬೈಲ್‌ನಲ್ಲೇ ನೋಡುತ್ತೇವೆ. ಟಿವಿ ಕೆಳಗೆ ಕೆಟ್ಟುಹೋದ ಒಂದು ಡಿವಿಆರ್ ತಂದಿಟ್ಟು, ಹಿಂದೆ ನಾಲ್ಕು ತುಂಡು ಕೇಬಲ್ ಸಿಕ್ಕಿಸಿದ್ದೇನೆ. ಬೇಕಿದ್ದವರು ಅದನ್ನು ಒಯ್ಯಲಿ.

ಕರೆಂಟಿನ ವಿಷಯ ಮೊದಲು ಹೊಳೆದಿರಲಿಲ್ಲ. ನಮ್ಮ ಮೀಟರ್ ಬೋರ್ಡ್, ಮೇನ್ ಸ್ವಿಚ್ ಎಲ್ಲ ಹೊರಗೇ ಇದೆ. ಯಾರು ಬೇಕಾದರೂ ಆಫ್ ಮಾಡಬಹುದು. ಡಿವಿಆರ್‌ಗೂ ಕ್ಯಾಮೆರಾಗಳ ಪವರ್ ಸಪ್ಲೈಗೂ ಇನ್ವರ್ಟರ್ ಲೈನ್ ಕೊಡಿಸಿದೆ. ಡಿವಿಆರ್‌ಗೆ ಮಾತ್ರ ಕೊಟ್ಟರೆ ಖಾಲಿ ಪರದೆ ರೆಕಾರ್ಡ್ ಆಗುತ್ತೆ ಅಷ್ಟೇ.

ಹೊಸ ಡಿಸ್ಕ್ ಹಾಕುವಾಗ ಲೆಕ್ಕ ಹಾಕಿದೆ. ಒಂದು ಕ್ಯಾಮೆರಾಗೆ ಸೆಕೆಂಡಿಗೆ 2 ಮೆಗಾಬಿಟ್ ಇಟ್ಟರೆ ದಿನಕ್ಕೆ ಸುಮಾರು 21 ಜಿಬಿ. ನಾಲ್ಕಕ್ಕೆ 1 ಟಿಬಿ ಡಿಸ್ಕ್ 11 ದಿನದಲ್ಲಿ ತುಂಬಿ ಹಳೇದರ ಮೇಲೆ ಬರೆಯೋಕೆ ಶುರು ಮಾಡುತ್ತೆ. ನಾವು ಊರಿಗೆ ಹೋದರೆ ಹದಿನೈದು ದಿನ. ಅದಕ್ಕೆ 2 ಟಿಬಿ ಹಾಕಿಸಿದೆ, ಕ್ಯಾಮೆರಾ ರೆಕಾರ್ಡಿಂಗ್‌ಗೆ ಅಂತಲೇ ಬರುವ ಡಿಸ್ಕ್.

ಒಂದೇ ತೊಂದರೆ, ರಾತ್ರಿ ಫ್ಯಾನ್ ಸದ್ದು ಕೇಳುತ್ತೆ. ಹೋದ ತಿಂಗಳು ಆ ರೂಮಲ್ಲಿ ಮಲಗಿದ್ದ ಚಿಕ್ಕಮ್ಮ ಬೆಳಿಗ್ಗೆ ಎದ್ದು, ಮೇಲೇನೋ ಗುಂಯ್ ಅಂತಿತ್ತಲ್ಲ ಅಂದರು. ಅವ್ವ ಟೀ ಸೋಸ್ತಾ ತಲೆ ಎತ್ತದೆ ಹೇಳಿದಳು: "ಜೇನು ಕಟ್ಟೈತೆ, ಕೈ ಹಾಕಬ್ಯಾಡ."