ಹಸಿಕಸದಿಂದ ಹೈಡ್ರೋಜನ್: ಒಂದು ಲೀಟರಿನ ಬ್ಯಾಕ್ಟೀರಿಯಾ ಕೋಶ

ಬರೀ ನೀರನ್ನು ಒಡೆದು ಹೈಡ್ರೋಜನ್ ತೆಗೆಯಲು ಸುಮಾರು 1.8 ವೋಲ್ಟ್ ಬೇಕು. ಜಿಯೋಬ್ಯಾಕ್ಟರ್‌ನಂಥ ಬ್ಯಾಕ್ಟೀರಿಯಾಗಳು ಆನೋಡಿನ (ಪ್ಲಸ್ ವಿದ್ಯುದ್ವಾರದ) ಮೇಲೆ ನೆಲೆನಿಂತರೆ 0.7 ವೋಲ್ಟೇ ಸಾಕು, ಉಳಿದ ಶಕ್ತಿ ಕಸದಿಂದಲೇ ಬರುತ್ತದೆ.

ಗಾಳಿಯಾಡದ ಮುಚ್ಚಳದ ಒಂದು ಲೀಟರಿನ ಗಾಜಿನ ಜಾಡಿ ತೆಗೆದುಕೊಳ್ಳಿ. ಆನೋಡಿಗೆ 10×10 ಸೆಂ.ಮೀ. ಕಾರ್ಬನ್ ಫೆಲ್ಟ್, ಕ್ಯಾಥೋಡಿಗೆ ಅಷ್ಟೇ ಅಳತೆಯ ಸ್ಟೇನ್‌ಲೆಸ್ ಸ್ಟೀಲ್ ಜಾಲರಿ. ನಡುವೆ 2 ಸೆಂ.ಮೀ. ಅಂತರವಿರಲಿ. ಫೆಲ್ಟಿಗೆ ಟೈಟಾನಿಯಂ ತಂತಿಯನ್ನೇ ಹೊಲಿಯಿರಿ. ತಾಮ್ರವಾದರೆ ಕರಗಿ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಪವರ್ ಸಪ್ಲೈನ ಪ್ಲಸ್ ಆನೋಡಿಗೆ, ಮೈನಸ್ ಕ್ಯಾಥೋಡಿಗೆ. ದಾರಿಯಲ್ಲಿ 10 ಓಮ್ ರೆಸಿಸ್ಟರ್ ಸೇರಿಸಿ.

ಶುರುವಿನಲ್ಲೇ ಕಸದ ರಸ ಹಾಕಬೇಡಿ. ಲೀಟರ್ ನೀರಿಗೆ ಸೋಡಿಯಂ ಅಸಿಟೇಟ್ 1 ಗ್ರಾಂ, ಡೈಸೋಡಿಯಂ ಫಾಸ್ಫೇಟ್ 4.58, ಮಾನೋಸೋಡಿಯಂ ಫಾಸ್ಫೇಟ್ 2.45, ಅಮೋನಿಯಂ ಕ್ಲೋರೈಡ್ 0.31, ಪೊಟ್ಯಾಸಿಯಂ ಕ್ಲೋರೈಡ್ 0.13 ಗ್ರಾಂ ಕರಗಿಸಿ. ಜಾಡಿಯ ಕಾಲುಭಾಗ ಕೊಳಚೆ ಶುದ್ಧೀಕರಣ ಘಟಕದ ಕೆಸರು, ಉಳಿದದ್ದು ಈ ದ್ರಾವಣ. 30 ಡಿಗ್ರಿಯಲ್ಲಿಟ್ಟು, ಕರೆಂಟ್ ಏರಿ ಇಳಿದಾಗಲೆಲ್ಲ ದ್ರಾವಣ ಬದಲಿಸಿ. ಎರಡು ಮೂರು ವಾರದಲ್ಲಿ ಫೆಲ್ಟಿನ ಅಂಚಿಗೆ ನಸುಗೆಂಪು ಲೋಳೆ ಕಟ್ಟಿದರೆ ಅದೇ ನಿಮ್ಮ ಆಸ್ತಿ; ಉಜ್ಜಬೇಡಿ, ತೊಳೆಯಬೇಡಿ.

ಆಮೇಲೆ ಕಸ. ಈ ಬ್ಯಾಕ್ಟೀರಿಯಾಗಳು ಸಿಪ್ಪೆಯನ್ನು ನೇರವಾಗಿ ತಿನ್ನಲಾರವು. ರುಬ್ಬಿ, ಮೂರು ಪಟ್ಟು ನೀರು ಬೆರೆಸಿ, ನಾಲ್ಕೈದು ದಿನ ಗಾಳಿ ಸೋಕದಂತೆ ಹುಳಿಸಿ. ಗ್ಯಾಸ್ ಹೋಗಲು ತುದಿ ನೀರಿನಲ್ಲಿ ಮುಳುಗಿದ ಕೊಳವೆ ಇರಲಿ. ಸೋಸಿ, ಹತ್ತು ಪಟ್ಟು ತೆಳುಮಾಡಿ, ಅಡುಗೆ ಸೋಡಾದಿಂದ ಪಿಎಚ್ 7ಕ್ಕೆ ತನ್ನಿ. ಮೊದಲ ಸಲ ಅಸಿಟೇಟ್ ದ್ರಾವಣದ ಜೊತೆ ಅರ್ಧರ್ಧ ಹಾಕಿ.

ಲೆಕ್ಕ ಇಡುವುದೇ ಇಲ್ಲಿ ಮುಖ್ಯ. ರೆಸಿಸ್ಟರಿನ ಎರಡು ತುದಿಗಳ ನಡುವೆ 100 ಮಿಲಿವೋಲ್ಟ್ ಕಂಡರೆ ಕರೆಂಟ್ 10 ಮಿಲಿಆಂಪ್; ದಿನಕ್ಕೆ ಹೆಚ್ಚೆಂದರೆ 110 ಮಿ.ಲೀ. ಹೈಡ್ರೋಜನ್. ಮುಚ್ಚಳದಿಂದ ಕೊಳವೆ ತಂದು, ನೀರಿನಲ್ಲಿ ಬೋರಲು ಹಾಕಿದ ಅಳತೆಯ ಜಾಡಿಯಲ್ಲಿ ಅದನ್ನು ಹಿಡಿಯಿರಿ. ಕರೆಂಟ್ ಚೆನ್ನಾಗಿದ್ದೂ ಗ್ಯಾಸ್ 40 ಮಿ.ಲೀ. ಮಾತ್ರ ಬಂದರೆ ಮೊದಲು ಮುಚ್ಚಳಕ್ಕೆ ಸೋಪಿನ ನೀರು ಹಚ್ಚಿ ಸೋರಿಕೆ ನೋಡಿ. ಸೋರಿಕೆ ಇಲ್ಲವೆಂದರೆ ಹೆಚ್ಚಾಗಿ ಮೀಥೇನ್ ಜೀವಿಗಳದ್ದೇ ಕೆಲಸ: ನಾಲ್ಕು ಪಾಲು ಹೈಡ್ರೋಜನ್ ತಿಂದು ಒಂದು ಪಾಲು ಮೀಥೇನ್ ಬಿಡುತ್ತವೆ. ಅವುಗಳಿಗೆ ಆಮ್ಲಜನಕ ಆಗದು. ಕರೆಂಟ್ ಆರಿಸಿ, ಗ್ಯಾಸನ್ನು ಹೊರಬಿಟ್ಟು, ಜಾಡಿ ಬರಿದುಮಾಡಿ ಇಪ್ಪತ್ತು ನಿಮಿಷ ಗಾಳಿಗೆ ತೆರೆದಿಡಿ. ದ್ರಾವಣವನ್ನು ದಿನಕ್ಕೊಮ್ಮೆ ಬದಲಿಸಿ. ಪೂರ್ತಿ ಹೋಗುವುದಿಲ್ಲ, ಹಿಡಿತದಲ್ಲಿರುತ್ತವೆ.

ಕರೆಂಟೇ ಕುಸಿದರೆ ಪಿಎಚ್ ನೋಡಿ. 6ಕ್ಕಿಂತ ಇಳಿದಿದ್ದರೆ ರಸ ಗಟ್ಟಿಯಾಯಿತೆಂದೇ ಅರ್ಥ. ವೋಲ್ಟೇಜನ್ನು 0.9 ದಾಟಿಸಬೇಡಿ.

ಗಾಳಿಯಲ್ಲಿ ಶೇ. 4ರಿಂದ 75ರವರೆಗೆ ಹೈಡ್ರೋಜನ್ ಬೆರೆತರೆ ಒಂದು ಕಿಡಿ ಸಾಕು. ಗ್ಯಾಸನ್ನು ಹೊರಬಿಡುವಾಗ ಕೊಳವೆಯ ತುದಿ ಕಿಟಕಿಯಾಚೆ, ಸ್ವಿಚ್ಚುಗಳಿಂದ ದೂರವಿರಲಿ.