ಮನೆಯಲ್ಲಿ ಒಬ್ಬರು ಕುಡಿಯುವಾಗ ಮಕ್ಕಳನ್ನು ನೋಡಿಕೊಳ್ಳುವುದು ಹೇಗೆ

ಅಪ್ಪ ಸ್ಕೂಟರಿಗೆ ಸ್ಟ್ಯಾಂಡ್ ಹಾಕುವ ಸದ್ದು ಕೇಳಿಯೇ ಆ ರಾತ್ರಿ ಹೇಗಿರುತ್ತೆ ಅಂತ ನನಗೆ ಗೊತ್ತಾಗುತ್ತಿತ್ತು. ಒಂದೇ ಸಲಕ್ಕೆ ಬಿದ್ದರೆ ಹೋಂವರ್ಕ್ ಮುಂದುವರಿಸಬಹುದು. ಎರಡನೇ ಸಲಕ್ಕೆ ಹೋದರೆ ಟಿವಿ ಆಫ್. ಮೂರನೇ ಸಲವೂ ಜಾರಿದರೆ ತಮ್ಮನನ್ನೂ ಅವನ ಪುಸ್ತಕಗಳನ್ನೂ ಎತ್ತಿಕೊಂಡು ಹಿಂದಿನ ಕೋಣೆಗೆ. ಆಗ ನನಗೆ ಒಂಬತ್ತು, ಅವನಿಗೆ ಐದು. ಇದನ್ನೆಲ್ಲ ಯಾರೂ ಹೇಳಿಕೊಟ್ಟಿರಲಿಲ್ಲ.

ಹಾಗಾಗಿ, "ಪಾಪ, ಮಕ್ಕಳಿಗೆ ಏನೂ ಗೊತ್ತಾಗಲ್ಲ" ಅನ್ನುವುದನ್ನು ಮೊದಲು ಬಿಟ್ಟುಬಿಡಿ. ನಾನು ಕಂಡದ್ದು ಕುಡಿತ, ಅದಕ್ಕೇ ಹಾಗೆ ಬರೆಯುತ್ತಿದ್ದೇನೆ. ಗಾಂಜಾ ಆಗಲಿ, ಮಾತ್ರೆ ಆಗಲಿ, ಕುಡಿಯುವವರು ಅಮ್ಮನೇ ಆಗಲಿ, ಮಗುವಿನ ಪಾಡು ಹೆಚ್ಚುಕಡಿಮೆ ಇದೇ.

ನಮ್ಮ ಮನೆಯಲ್ಲಿ ಕುಡಿತಕ್ಕೆ "ತಲೆನೋವು" ಅಂತ ಹೆಸರಿತ್ತು. ಅಪ್ಪನಿಗೆ ತಲೆನೋವು, ಸದ್ದು ಮಾಡಬೇಡಿ. ಒಂದು ದಿನ ಕ್ಲಾಸಿನಲ್ಲಿ ನನಗೆ ನಿಜವಾಗಿಯೂ ತಲೆ ನೋಯತೊಡಗಿತು. ನಾನೂ ಇನ್ನೇನು ಎದ್ದು ಕಿರುಚಾಡಿ ಬಾಗಿಲ ಹತ್ತಿರ ಬಿದ್ದುಬಿಡುತ್ತೇನೆ ಅಂತ ಹೆದರಿ ಬೆಂಚು ಗಟ್ಟಿಯಾಗಿ ಹಿಡಿದು ಕೂತಿದ್ದೆ. ಸುಳ್ಳು ಹೆಸರು ಇಟ್ಟರೆ ಹೀಗೇ ಆಗುವುದು. ಮಗು ತನ್ನ ಕಣ್ಣನ್ನೇ ನಂಬದ ಹಾಗಾಗುತ್ತೆ.

ಇದ್ದದ್ದನ್ನು ಇದ್ದ ಹಾಗೆ ಹೇಳಿ. "ಅಪ್ಪ ಜಾಸ್ತಿ ಕುಡೀತಾರೆ ಪುಟ್ಟಾ. ಅದು ಬಿಡೋಕೆ ತುಂಬ ಕಷ್ಟವಾಗೋ ಕಾಯಿಲೆ. ನಿನ್ನಿಂದ ಬಂದದ್ದಲ್ಲ. ನೀನು ತಡೆಯೋಕೂ ಆಗಲ್ಲ, ವಾಸಿ ಮಾಡೋಕೂ ಆಗಲ್ಲ. ಅದು ದೊಡ್ಡವರ ಕೆಲಸ." ಇದು ನಾನು ಕಂಡುಹಿಡಿದ ಮಾತಲ್ಲ. ಕುಡಿಯುವವರ ಮನೆಯವರಿಗಾಗಿ 1951ರಲ್ಲಿ ಅಮೆರಿಕದಲ್ಲಿ ಶುರುವಾದ ಅಲ್-ಅನಾನ್ ಗುಂಪುಗಳಲ್ಲಿ ಬಳಕೆಯಲ್ಲಿರುವ ಮಾತು. 1957ರಿಂದ ಹದಿಹರೆಯದವರಿಗೆ ಅಲಟೀನ್ ಅಂತ ಬೇರೆ ಗುಂಪೂ ಇದೆ. ಬೇರೆ ಬೇರೆ ದೇಶಗಳಲ್ಲಿ ಇವು ಸೇರುತ್ತವೆ, ಆನ್‌ಲೈನ್‌ನಲ್ಲೂ ಹುಡುಕಬಹುದು. ಗಲಾಟೆ ನಡೆದ ರಾತ್ರಿ ಈ ಮಾತು ಎತ್ತಬೇಡಿ. ಮಾರನೇ ದಿನ ಬಟ್ಟೆ ಮಡಚುವಾಗಲೋ ದಾರಿಯಲ್ಲಿ ನಡೆಯುವಾಗಲೋ ಹೇಳಿ. ಮುಖಕ್ಕೆ ಮುಖ ಕೊಟ್ಟು ಕೂತರೆ ಮಕ್ಕಳು ಬಾಯಿ ಬಿಡುವುದಿಲ್ಲ. ಒಂದು ಸಲ ಹೇಳಿದರೆ ಸಾಲದು, ಇಪ್ಪತ್ತು ಸಲ ಬೇಕಾಗುತ್ತೆ.

ಮಗುವನ್ನು ಕಾವಲಿಗೆ ಹಾಕಬೇಡಿ. ಬಾಟಲಿ ಎಲ್ಲಿಟ್ಟಿದ್ದಾರೆ ನೋಡು, ಎಷ್ಟು ಕುಡಿದಿದ್ದಾರೆ ಕೇಳಿ ಬಾ, ನೀನು ಹೇಳಿದರೆ ಕೇಳ್ತಾರೆ. ಇವೆಲ್ಲ ಬೇಡ. ಎಲ್ಲಕ್ಕಿಂತ ಕೆಟ್ಟದ್ದು ಮಕ್ಕಳ ಮೇಲೆ ಆಣೆ ಹಾಕಿಸುವುದು. ಅಪ್ಪ ನನ್ನ ಮೇಲೆ ಆಣೆ ಮಾಡಿ ನಾಲ್ಕನೇ ದಿನಕ್ಕೆ ಮುರಿದರು. ಅವರಿಗೆ ಚಟ ಅಂತ ನನಗೆ ಅನಿಸಲಿಲ್ಲ. ನನ್ನ ಮೇಲೆ ಅಷ್ಟು ಪ್ರೀತಿ ಇಲ್ಲ ಅಂತ ಅನಿಸಿತು.

ಗಲಾಟೆ ಮಾಡುವ, ಹೊಡೆದಾಡುವ ಮಗು ಎಲ್ಲರ ಕಣ್ಣಿಗೂ ಬೀಳುತ್ತೆ. ಇನ್ನೊಂದು ಥರದ ಮಗುವನ್ನೂ ನೋಡಿ: ಚೆನ್ನಾಗಿ ಓದುತ್ತೆ, ಏನನ್ನೂ ಕೇಳಲ್ಲ, ಸ್ನೇಹಿತರನ್ನು ಮನೆಗೆ ಕರೆಯಲ್ಲ. "ಎಷ್ಟು ಜವಾಬ್ದಾರಿ ಈ ಹುಡುಗಿಗೆ!" ಅಂತ ಎಲ್ಲರೂ ನನ್ನನ್ನು ಹೊಗಳುತ್ತಿದ್ದರು. ಆ ಹೊಗಳಿಕೆಗಿಂತ ಯಾರಾದರೂ ಒಂದು ಸಂಜೆ ತಮ್ಮನನ್ನು ನೋಡಿಕೊಂಡು ನನ್ನನ್ನು ಆಟಕ್ಕೆ ಕಳಿಸಿದ್ದರೆ ಸಾಕಿತ್ತು.

ದಿನಚರಿ ಹಿಡಿದುಕೊಳ್ಳಿ. ಕುಡಿಯುವವರು ಬರಲಿ ಬಿಡಲಿ, ಊಟದ ಹೊತ್ತು ಅದೇ, ಮಲಗುವ ಹೊತ್ತು ಅದೇ. 1980ರ ಸುಮಾರಿಗೆ ಸಂಶೋಧಕರಾದ ಸ್ಟೀವನ್ ವೋಲಿನ್, ಲಿಂಡಾ ಬೆನೆಟ್ ಮತ್ತು ಜೊತೆಗಾರರು ಇಂಥ ಕುಟುಂಬಗಳನ್ನು ನೋಡಿದಾಗ, ಒಟ್ಟಿಗೆ ಊಟ, ಹಬ್ಬ ಇಂಥವನ್ನು ಕುಡಿತಕ್ಕೆ ಬಲಿಕೊಡದ ಮನೆಗಳಲ್ಲಿ ಮಕ್ಕಳೂ ಕುಡುಕರಾಗುವುದು ಕಮ್ಮಿ ಎಂದು ಕಂಡುಬಂತು. ಮಕ್ಕಳು ದೊಡ್ಡವರಾದಾಗ ಇದನ್ನೂ ಹೇಳಿ: ಚಟಕ್ಕೆ ಬೀಳುವ ಅಪಾಯದಲ್ಲಿ ಸುಮಾರು ಅರ್ಧ ರಕ್ತದಿಂದ ಬರುತ್ತೆ. ಇನ್ನರ್ಧ ಹಾಗಲ್ಲ.

ಅಪಾಯದ ಹೊತ್ತಿಗೆ ಏನು ಮಾಡಬೇಕು ಅನ್ನುವುದನ್ನು ಮೊದಲೇ ಹೇಳಿಕೊಟ್ಟಿರಿ. ಹೊಡೆದಾಟ ಶುರುವಾದರೆ ನಡುವೆ ಹೋಗಬಾರದು. ಯಾವ ಬಾಗಿಲಿಂದ ಹೊರಡಬೇಕು, ಯಾರ ಮನೆಗೆ ಓಡಬೇಕು, ಯಾರಿಗೆ ಫೋನ್ ಮಾಡಬೇಕು, ನಂಬರ್ ಬಾಯಿಪಾಠ ಇರಲಿ. ಕುಡಿದವರು ಎಬ್ಬಿಸಿದರೂ ಏಳದಿದ್ದರೆ ಒಂದು ಮಗ್ಗುಲಿಗೆ ಹೊರಳಿಸಿ ಆಂಬುಲೆನ್ಸ್ ಕರೆಯಬೇಕು.

ದೊಡ್ಡವರಿಗೆ ಒಂದು ಮಾತು. ದಿನಾ ಜಾಸ್ತಿ ಕುಡಿಯುವವರನ್ನು ರೂಮಿನಲ್ಲಿ ಕೂಡಿಹಾಕಿ ಬಿಡಿಸಲು ಹೋಗಬೇಡಿ. ಅಮ್ಮ ಒಮ್ಮೆ ಹಾಗೆ ಮಾಡಿದ್ದಳು. ಮೊದಲು ಕೈ ನಡುಕ, ಮಾರನೇ ರಾತ್ರಿ ಫಿಟ್ಸ್. ಒಮ್ಮೆಲೇ ನಿಲ್ಲಿಸಿದರೆ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು, ಎರಡು ಮೂರು ದಿನದ ಹೊತ್ತಿಗೆ ಭ್ರಮೆ ಶುರುವಾಗಿ ಜೀವವೇ ಹೋಗಬಹುದು. ಡಾಕ್ಟರ್ ಕಣ್ಣೆದುರಲ್ಲೇ ಬಿಡಿಸಿ.

ಕುಡಿತ ಬಿಟ್ಟ ಮೇಲೆ ಎಲ್ಲ ಸರಿಹೋಗುತ್ತೆ ಅಂದುಕೊಳ್ಳುತ್ತಾರೆ ಅಲ್ವಾ? ನನಗೆ ಹದಿನೈದಾಗಿದ್ದಾಗ ಅಪ್ಪ ಬಿಟ್ಟರು. ಸಂಜೆ ಬೇಗ ಬಂದು "ಎಲ್ಲಿಗೆ ಹೋಗಿದ್ದೆ?" ಅಂತ ಕೇಳತೊಡಗಿದರು. ನನಗೆ ಮೈಯೆಲ್ಲ ಉರಿ. ಆರು ವರ್ಷ ಮನೆ ನಡೆಸಿದವಳು ನಾನು, ಇವರ‍್ಯಾರು ಕೇಳೋಕೆ? ಇಂಥ ಸಿಟ್ಟು ಬಂದರೆ ಮಗುವನ್ನು ಬಯ್ಯಬೇಡಿ, ಈಗ ಎಲ್ಲ ಚೆನ್ನಾಗಿದೆಯಲ್ಲ ಅಂತ ಬಾಯಿ ಮುಚ್ಚಿಸಬೇಡಿ. ಮಗುವಿನ ಕೈಯಲ್ಲಿದ್ದ ಕೆಲಸಗಳನ್ನು ಒಂದೊಂದಾಗಿ, ಕೇಳಿಕೊಂಡು ತೆಗೆದುಕೊಳ್ಳಿ.

ತಮ್ಮನ ಪ್ರೋಗ್ರೆಸ್ ಕಾರ್ಡಿಗೆ ಅಪ್ಪನ ಸಹಿ ಅಷ್ಟೂ ವರ್ಷ ನಾನೇ ಹಾಕುತ್ತಿದ್ದೆ. ಅಪ್ಪನ ಕೈ ನಡುಗುತ್ತಿದ್ದರಿಂದ ಅವರ ಸಹಿಯನ್ನು ಅವರಿಗಿಂತ ನಾನೇ ಚೆನ್ನಾಗಿ ಹಾಕುತ್ತಿದ್ದೆ. ಬಿಟ್ಟ ಮೇಲೆ ಮೊದಲ ಸಲ ಅಪ್ಪನೇ ಕೂತು, ನಿಧಾನವಾಗಿ ಸಹಿ ಮಾಡಿ ಕಳಿಸಿದರು. ತಮ್ಮ ಅಳುತ್ತಾ ವಾಪಸ್ ಬಂದ. ಸಹಿ ಹೊಂದುತ್ತಿಲ್ಲ, ಯಾರೋ ನಕಲಿ ಮಾಡಿದ್ದಾರೆ ಅಂತ ಟೀಚರ್ ಕಾರ್ಡ್ ತಗೊಂಡಿರಲಿಲ್ಲ. ಅಪ್ಪ ಕಾರ್ಡನ್ನು ನನ್ನ ಮುಂದೆ ಇಟ್ಟು, ಪೆನ್ನಿನ ಮುಚ್ಚಳ ತೆಗೆದು ಕೊಟ್ಟರು.