ಯಾವ ಸ್ಕೀ ತಗೊಳ್ಳೋದು?

ಡಿಸೆಂಬರ್ ಬಂತು ಅಂದರೆ ಅಮೆರಿಕದ ಡೆನ್ವರ್‌ನಲ್ಲಿ ಹಿಮದ ಇಳಿಜಾರಿನ ಮೇಲೆ ಸ್ಕೀ ಹಾಕಿಕೊಂಡು ಜಾರಲು ಹೋಗುವ ಕನ್ನಡದ ಗೆಳೆಯರು ಯಾರಾದರೂ ಫೋನ್ ಮಾಡುತ್ತಾರೆ. "ಈ ಸಲ ಸ್ವಂತ ಸ್ಕೀ ತಗೊಳ್ಳೋಣ ಅಂತಿದ್ದೀನಿ. ಯಾವುದು ತಗೊಳ್ಳಲಿ?" ನಾನು ತಿರುಗಿ ಕೇಳುವುದು ಎರಡೇ ಮಾತು. ಹೋದ ವರ್ಷ ಎಷ್ಟು ದಿನ ಬೆಟ್ಟಕ್ಕೆ ಹೋಗಿದ್ದಿರಿ? ಜಾಸ್ತಿ ಹೊತ್ತು ಇಳಿದದ್ದು ಹಸಿರು ಗುರುತಿನ ಸುಲಭ ದಾರಿಯಲ್ಲೋ, ಮಧ್ಯಮದ ನೀಲಿಯಲ್ಲೋ, ಕಷ್ಟದ ಕಪ್ಪಿನಲ್ಲೋ? ಒಂದೇ ಒಂದು ಸಲ ಕಪ್ಪು ದಾರಿ ಇಳಿದ ಫೋಟೋ ಇದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಇದನ್ನು ಒತ್ತಿ ಹೇಳಲು ಕಾರಣ ಇದೆ. ಕಲಿಯಲು ಶುರುಮಾಡಿದ ಎರಡನೇ ವರ್ಷ ನಾನು ಸೇಲ್‌ನಲ್ಲಿ ಒಂದು ಜೋಡಿ ತಂದೆ. ಉದ್ದ 180 ಸೆಂಟಿಮೀಟರ್, ನಡುಭಾಗದ ಅಗಲ 106 ಮಿಲಿಮೀಟರ್. ನನ್ನ ಎತ್ತರ 170, ತೂಕ 72 ಕಿಲೋ. "ದೊಡ್ಡದೇ ಇರಲಿ, ಬೇಗ ಕಲೀತೀರಿ" ಅಂತ ಅಂಗಡಿಯಲ್ಲಿ ಹೇಳಿದ್ದರು. ಜನವರಿಯ ಒಂದು ಬೆಳಿಗ್ಗೆ ಲವ್‌ಲ್ಯಾಂಡ್ ಅನ್ನುವ ಸ್ಕೀ ಬೆಟ್ಟಕ್ಕೆ ಹೋದೆ. ರಾತ್ರಿಯೆಲ್ಲಾ ಗಾಳಿ ಬೀಸಿ ಹಿಮ ಗಟ್ಟಿಯಾಗಿತ್ತು. ನಾನು ತಿರುಗಲು ಕಾಲು ವಾಲಿಸುತ್ತಿದ್ದೆ, ಸ್ಕೀ ಮಾತ್ರ ಎರಡು ಕ್ಷಣ ತಡವಾಗಿ ವಾಲುತ್ತಿತ್ತು. ಅಷ್ಟರಲ್ಲಿ ವೇಗ ಕೈಮೀರುತ್ತಿತ್ತು. ಸಂಜೆ ಎರಡೂ ಮಂಡಿ ಹಿಡಿದುಕೊಂಡವು.

ಎರಡು ವಾರ ಬಿಟ್ಟು ಅದೇ ಇಳಿಜಾರಿಗೆ ಬಾಡಿಗೆಯ ಸ್ಕೀ ಹಾಕಿಕೊಂಡು ಹೋದೆ. ಉದ್ದ 160, ಅಗಲ 78. ಮೂರನೇ ತಿರುವಿನಲ್ಲಿ ಸರ್ರ್ ಅಂತ ಸದ್ದು ಕೇಳಿಸಿತು. ಅಂಚು ಹಿಮವನ್ನು ಕೊಯ್ಯುವ ಸದ್ದು ಅದು. ನಿಂತು ಹಿಂದೆ ನೋಡಿದೆ. ರಂಗೋಲಿಯ ಎಳೆಯಷ್ಟು ತೆಳ್ಳಗಿನ ಎರಡು ಗೆರೆಗಳು ಬಳುಕಿಕೊಂಡು ಬಂದಿದ್ದವು. ಹಳೆಯ ಜೋಡಿಯಲ್ಲಿ ಪೊರಕೆಯಲ್ಲಿ ಗುಡಿಸಿದಂಥ ಗುರುತು ಮಾತ್ರ ಬೀಳುತ್ತಿತ್ತು. ಇವತ್ತಿಗೂ ಹೊಸ ಸ್ಕೀ ಹಾಕಿದಾಗ ನಾನು ಮೊದಲು ಹಿಂದೆ ತಿರುಗಿ ಆ ಗೆರೆ ನೋಡುತ್ತೇನೆ.

ಸ್ಕೀಗಿಂತ ಮುಂಚೆ ಬೂಟು ತಗೊಳ್ಳಿ. ವರ್ಷಕ್ಕೆ ನಾಲ್ಕೈದು ದಿನ ಮಾತ್ರ ಹೋಗುವವರಿಗೆ ಸ್ಕೀ ಬಾಡಿಗೆಗೇ ಸಾಕು, ಬೂಟು ಮಾತ್ರ ಸ್ವಂತದ್ದಿರಲಿ. ಕಾಲು ಹೇಳಿದ್ದು ಸ್ಕೀಗೆ ಮುಟ್ಟುವುದೇ ಬೂಟಿನ ಮೂಲಕ, ಅಲ್ವಾ? ಸ್ಕೀ ಬೂಟಿನ ಸೈಜ್ ಪಾದದ ಉದ್ದವನ್ನು ಸೆಂಟಿಮೀಟರ್‌ನಲ್ಲಿ ಹೇಳುತ್ತದೆ. ಒಳಗಿನ ಮೆತ್ತನೆಯ ಭಾಗ ತೆಗೆದು ಬರೀ ಚಿಪ್ಪಿನೊಳಗೆ ಕಾಲಿಡಿ. ಬೆರಳ ತುದಿ ಮುಂದೆ ತಾಗಿದಾಗ ಹಿಮ್ಮಡಿಯ ಹಿಂದೆ ಒಂದರಿಂದ ಎರಡು ಬೆರಳಷ್ಟು ಜಾಗ ಉಳಿಯಬೇಕು. ಪೂರ್ತಿ ಕಟ್ಟಿಕೊಂಡು ಮಂಡಿ ಮುಂದಕ್ಕೆ ಬಗ್ಗಿಸಿದರೆ ಹಿಮ್ಮಡಿ ಮೇಲೇಳಬಾರದು. ನಮ್ಮವರು ಚಳಿ ಅಂತ ಎರಡು ಜೊತೆ ಕಾಲುಚೀಲ ಹಾಕಿಕೊಂಡು ಬೂಟು ನೋಡಲು ಬರುತ್ತಾರೆ. ದಯವಿಟ್ಟು ಬೇಡ. ಒಂದೇ ಒಂದು ತೆಳು ಚೀಲ ಸಾಕು. ಎರಡು ಹಾಕಿದರೆ ರಕ್ತದ ಓಡಾಟ ಕಡಿಮೆಯಾಗಿ ಕಾಲು ಇನ್ನೂ ತಣ್ಣಗಾಗುತ್ತದೆ.

ಇನ್ನು ಉದ್ದ. ಸ್ಕೀಯನ್ನು ಪಕ್ಕದಲ್ಲಿ ನೆಟ್ಟಗೆ ನಿಲ್ಲಿಸಿ ನೋಡಿ. ಈಗಷ್ಟೇ ಕಲಿಯುತ್ತಿದ್ದರೆ ತುದಿ ಗಲ್ಲಕ್ಕೂ ಮೂಗಿಗೂ ನಡುವೆ ಬರಲಿ. ನೀಲಿ ದಾರಿಯಲ್ಲಿ ಎರಡೂ ಸ್ಕೀ ಜೋಡಿಸಿಕೊಂಡೇ ತಿರುಗುವವರಿಗೆ ಕಣ್ಣು, ಹಣೆಯ ತನಕ. ವೇಗವಾಗಿ ಕಡಿದಾದ ಕಡೆ ಇಳಿಯುವವರಿಗೆ ತಲೆಯಷ್ಟು ಎತ್ತರ, ಕೆಲವರಿಗೆ ಇನ್ನೂ ಜಾಸ್ತಿ. ಎತ್ತರದ ಜೊತೆ ತೂಕವನ್ನೂ ನೋಡಬೇಕು. ಸ್ಕೀ ಬಗ್ಗುವುದು ತೂಕದಿಂದ. ತೆಳ್ಳಗಿರುವವರು ಸ್ವಲ್ಪ ಗಿಡ್ಡ, ಮೈಕಟ್ಟು ಜೋರಾಗಿರುವವರು ಸ್ವಲ್ಪ ಉದ್ದ ತಗೊಂಡರೆ ಸರಿಹೋಗುತ್ತದೆ.

ಸ್ಕೀಯ ಮೇಲೆ 124-80-108 ಅನ್ನುವ ತರಹ ಮೂರು ಅಂಕಿ ಬರೆದಿರುತ್ತಾರೆ. ಮೂತಿ, ಸೊಂಟ, ಬಾಲ ಇವುಗಳ ಅಗಲ ಅದು, ಮಿಲಿಮೀಟರ್‌ನಲ್ಲಿ. ಮೊದಲು ಸೊಂಟ ನೋಡಿ. ಸೊಂಟ ಸಣ್ಣಗಿದ್ದರೆ ಸ್ಕೀ ಬೇಗ ಅಂಚಿನ ಮೇಲೆ ಏಳುತ್ತದೆ, ಗಟ್ಟಿ ಹಿಮದಲ್ಲಿ ಹಿಡಿತ ಸಿಗುತ್ತದೆ. ಅಗಲ ಇದ್ದರೆ ಕೆಸರಿನ ಮೇಲೆ ಹಾಸಿದ ಹಲಗೆಯ ಹಾಗೆ, ಆಳದ ಪುಡಿ ಹಿಮದಲ್ಲಿ ಮುಳುಗುವುದಿಲ್ಲ. ಯಂತ್ರದಿಂದ ಸಮ ಮಾಡಿದ ದಾರಿಯಲ್ಲೇ ಇರುವವರಿಗೆ 70ರಿಂದ 82 ಸಾಕು. ಕೊಲೊರಾಡೊದಲ್ಲಿ ಬೆಳಿಗ್ಗೆ ದಾರಿಯಲ್ಲಿ, ಮಧ್ಯಾಹ್ನ ಮರಗಳ ನಡುವೆ ಅಂತ ಓಡಾಡುವವರಿಗೆ 85ರಿಂದ 95. ಅಮೆರಿಕದ ಪೂರ್ವದ ವರ್ಮಾಂಟ್ ಕಡೆ ಹಿಮ ಮಂಜುಗಡ್ಡೆಯ ಹಾಗೆ ಗಟ್ಟಿಯಾಗಿರುವುದು ಜಾಸ್ತಿ, ಅಲ್ಲಿರುವವರು ಕಡಿಮೆ ಅಗಲದ ಕಡೆಗೇ ವಾಲಿ. ಬೆಂಗಳೂರಿನಿಂದ ಗುಲ್ಮಾರ್ಗ್‌ಗೆ ಹೋಗಿ ಗೊಂಡೋಲಾ ಅನ್ನುವ ಕೇಬಲ್ ಕಾರಿನ ಎರಡನೇ ಹಂತದಲ್ಲಿ ಅಫರ್ವತ್ ಬೆಟ್ಟ ಹತ್ತುವವರ ವಿಷಯವೇ ಬೇರೆ. ಮೇಲೆ ಸಮ ಮಾಡಿದ ದಾರಿ ಇಲ್ಲ, ಆಳದ ಹಿಮ. ಅಲ್ಲಿಗೆ 105 ದಾಟಿದ ಸ್ಕೀ ಬೇಕು. ಹಿಮಕುಸಿತದ ಅಪಾಯವೂ ಇರುವ ಜಾಗ, ಗೊತ್ತಿರುವ ಗೈಡ್ ಇಲ್ಲದೆ ಹೋಗಬೇಡಿ.

ಆ ಮೂರು ಅಂಕಿಯ ಪಕ್ಕ ಆರ್ ಅಂತ ಇನ್ನೊಂದು ಇರುತ್ತದೆ. ಸ್ಕೀ ತಾನಾಗಿ ಎಷ್ಟು ದೊಡ್ಡ ವೃತ್ತದಲ್ಲಿ ತಿರುಗುತ್ತದೆ ಅನ್ನುವುದು, ಆ ವೃತ್ತದ ತ್ರಿಜ್ಯ ಮೀಟರ್‌ನಲ್ಲಿ. 12-14 ಅಂದರೆ ಚಿಕ್ಕ ಚಿಕ್ಕ ತಿರುವು, 18ರ ಮೇಲೆ ಅಂದರೆ ಉದ್ದನೆಯ ತಿರುವು. ಸ್ಕೀ ವಿಶ್ವಕಪ್‌ನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಕಂಬಗಳ ನಡುವೆ ಪಟಪಟ ತಿರುಗುವ ಸ್ಲಾಲಮ್ ಸ್ಪರ್ಧೆಗೆ ಗಂಡಸರು 165 ಸೆಂಟಿಮೀಟರ್‌ನ ಗಿಡ್ಡ ಸ್ಕೀ ಹಾಕುತ್ತಾರೆ. ದೊಡ್ಡ ತಿರುವುಗಳ ಜೈಂಟ್ ಸ್ಲಾಲಮ್‌ಗೆ ಅದೇ ಆಟಗಾರರ ಸ್ಕೀ 193. ನನ್ನ ಹೆಂಡತಿಗೆ ನಿಧಾನವಾಗಿ, ಇಳಿಜಾರಿನ ಪೂರ್ತಿ ಅಗಲ ಬಳಸಿ ಇಳಿಯುವುದು ಇಷ್ಟ. ಅವಳದ್ದು 148 ಉದ್ದ, 76 ಸೊಂಟ, 13 ಮೀಟರ್. ಆರು ವರ್ಷ ಆಯಿತು, ಬದಲಾಯಿಸುವ ಮಾತೇ ಇಲ್ಲ.

ಮಕ್ಕಳಿಗೆ ಕೊಳ್ಳಲೇಬೇಡಿ. ಇಲ್ಲಿ ಇಡೀ ಸೀಸನ್‌ಗೆ ಬಾಡಿಗೆಗೆ ಕೊಡುತ್ತಾರೆ. "ಬೆಳೆಯುವ ಮಗು" ಅಂತ ಯೂನಿಫಾರ್ಮ್ ಒಂದು ಸೈಜ್ ದೊಡ್ಡದು ಹೊಲಿಸುತ್ತೇವಲ್ಲ, ಆ ಲೆಕ್ಕ ಇಲ್ಲಿ ನಡೆಯಲ್ಲ. ದೊಡ್ಡ ಸ್ಕೀ ತಿರುಗಿಸಲಾಗದೆ ಮಗು ಹೆದರಿಬಿಡುತ್ತದೆ.

ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಅನ್ನು ನೀವೇ ತಿರುವಿ ಬಿಗಿ ಮಾಡಬೇಡಿ. ಬಿದ್ದಾಗ ಬೂಟನ್ನು ಬಿಡಿಸಿ ಕಾಲು ಉಳಿಸುವುದು ಅದು. ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ, ನೀವು ಇಳಿಯುವ ರೀತಿ ಇಷ್ಟನ್ನೂ ಕೇಳಿ ಅಂಗಡಿಯ ತಂತ್ರಜ್ಞರು ಅದು ಎಷ್ಟು ಬಲಕ್ಕೆ ಬಿಡಬೇಕು ಅನ್ನುವ ಅಂಕಿ ಕೂರಿಸುತ್ತಾರೆ. ಅಲ್ಲಿ ತೂಕ ಕಡಿಮೆ ಮಾಡಿ ಹೇಳಿದರೆ ಸುಮ್ಸುಮ್ನೆ ಕಳಚಿಕೊಳ್ಳುತ್ತದೆ. "ನಾನು ಜೋರಾಗಿ ಇಳಿಯುವವನು" ಅಂತ ಹೆಚ್ಚಿಸಿ ಹೇಳಿದರೆ ಬಿಡಬೇಕಾದಾಗ ಬಿಡುವುದಿಲ್ಲ.

ಹಳೆಯದು ಕೊಳ್ಳುವುದಾದರೆ ಬಿಸಿಲಿಗೆ ತಂದು ನೋಡಿ. ಉಕ್ಕಿನ ಅಂಚಿನ ಉದ್ದಕ್ಕೂ ಕಣ್ಣಾಡಿಸಿ, ಬಿರುಕು ಇರಬಾರದು. ಪಕ್ಕದಲ್ಲಿ ಪದರ ಬಿಟ್ಟುಕೊಂಡಿದ್ದರೆ, ಉಗುರು ಸಂದಿಯೊಳಗೆ ಹೋದರೆ, ಬೇಡ ಅನ್ನಿ. ಬೈಂಡಿಂಗ್ ತುಂಬ ಹಳೆಯದಾದರೆ ಅಂಗಡಿಯವರು ಅದನ್ನು ಮುಟ್ಟುವುದೇ ಇಲ್ಲ, ಆದ್ದರಿಂದ ದುಡ್ಡು ಕೊಡುವ ಮುಂಚೆ ಅದರ ಮಾಡೆಲ್ ಹೆಸರು ಹೇಳಿ ಕೇಳಿಕೊಳ್ಳಿ.

ಹೊಸದಾದರೆ ಡೆಮೊ, ಅಂದರೆ ಹಾಕಿ ನೋಡಲು ಕೊಡುವ ಜೋಡಿ, ತಗೊಂಡು ಒಂದು ದಿನ ಓಡಿಸಿ. ಎರಡು ಜೋಡಿಯನ್ನು ಒಂದೇ ದಾರಿಯಲ್ಲಿ, ಒಂದರ ಹಿಂದೆ ಒಂದು. ಬೆಳಿಗ್ಗೆ ಎಲ್ಲಾ ಸ್ಕೀಯೂ ಚೆನ್ನಾಗೇ ಇರುತ್ತದೆ. ಮಧ್ಯಾಹ್ನ ಎರಡರ ಮೇಲೆ, ತೊಡೆ ಸೋತ ಹೊತ್ತಿನಲ್ಲಿ ಇನ್ನೊಮ್ಮೆ ಹಾಕಿ ನೋಡಿ. ಆಗಲೂ ಹೇಳಿದ ಹಾಗೆ ತಿರುಗಿದ ಜೋಡಿಯ ಉದ್ದ, ಸೊಂಟ, ಆರ್ ಮೂರನ್ನೂ ಫೋನ್‌ನಲ್ಲಿ ಬರೆದಿಟ್ಟುಕೊಳ್ಳಿ. ಕೊಳ್ಳಲು ಹೋಗುವಾಗ ನಿಮ್ಮ ಬೂಟು ಜೊತೆಗಿರಲಿ, ಅದಿಲ್ಲದೆ ಬೈಂಡಿಂಗ್ ಕೂರಿಸಲು ಆಗುವುದಿಲ್ಲ.